ಅಂಗಿ ಗುಬ್ಬಿ ಹಾಕ್ಲಿಕ್ಕೆ ಎಲ್ಲಿ ಕಲಿಸುದು? ಉಡುಪಿ–ಮಂಗ್ಳೂರಲ್ಲಿ ಆಟದ ಥೆರಪಿ ಹುಡುಕುವವರಿಗೆ

ನಮ್ಮ ಮಗ ಥೆರಪಿ ಸೆಂಟರಲ್ಲಿ ಮರದ ಹಲಗೆಗೆ ಹೊಲಿದಿಟ್ಟ ಬಟ್ಟೆಯ ಐದು ಗುಬ್ಬಿಯನ್ನೂ, ಅಂದ್ರೆ ಬಟನನ್ನೂ, ಟಕಟಕ ಹಾಕಿ ಮೇಡಂ ಮುಖ ನೋಡ್ತಿದ್ದ, ಅವ್ರು ಸೂಪರ್ ಅಂತಿದ್ರು, ಚಪ್ಪಾಳೆ ಬೇರೆ. ಮನೆಗೆ ಬಂದು ಅವನದ್ದೇ ಅಂಗಿಯ ಒಂದು ಗುಬ್ಬಿ ಹಾಕು ಮಗ ಅಂದ್ರೆ ಎರಡೂ ಕೈ ಇಳಿಬಿಟ್ಟು ನಿಂತ್ಕೊಳ್ಳುದು, ಅಜ್ಜಿ ಬಂದು ಹಾಕ್ಲಿ ಅಂತ. ಇದು ಒಂದು ವಾರದ ಕತೆ ಅಲ್ಲ, ಹತ್ರ ಹತ್ರ ಎಂಟು ತಿಂಗಳು ಹೀಗೇ ನಡೀತು. ಕೊನೆಗೆ ಬೇರೆ ಒಬ್ರು ಥೆರಪಿಸ್ಟ್ ಹೇಳಿದ ಮೇಲೆ ನಂಗೆ ತಲೆಗೆ ಹೋದದ್ದು, ಹಲಗೆ ಮೇಲಿನ ಗುಬ್ಬಿ ಎದುರಿಗೆ ಉಂಟು, ಕಣ್ಣಿಗೆ ನೇರ ಕಾಣ್ತದೆ, ಎದೆ ಮೇಲಿನ ಗುಬ್ಬಿ ಗಲ್ಲದ ಅಡಿಯಲ್ಲಿ ಉಂಟು, ಸರಿ ಕಾಣುದೇ ಇಲ್ಲ, ಬೆರಳಲ್ಲಿ ಮುಟ್ಟಿಯೇ ಗೊತ್ತಾಗ್ಬೇಕು, ಅದು ಬೇರೆಯೇ ಕೆಲಸ. ಮತ್ತೆ ಸೆಂಟರಲ್ಲಿ ಅಜ್ಜಿ ಇಲ್ಲ ಅಲ್ವಾ.

ನಾವಿರುದು ಕಟಪಾಡಿ ಹತ್ರ. ಇವ್ರು ಗಲ್ಫಲ್ಲಿ, ಮನೇಲಿ ನಾನು, ಅತ್ತೆ, ಮಗ. ಅವ್ನಿಗೆ ಮೂರು ವರ್ಷ ಆಗುವಾಗ ಆಟಿಸಂ ಅಂತ ಹೇಳಿದ್ರು, ಈಗ ಆರು ದಾಟಿತು. ಈ ಮೂರು ವರ್ಷದಲ್ಲಿ ಒಮ್ಮೆ ಮಣಿಪಾಲ, ಒಮ್ಮೆ ಮಂಗ್ಳೂರು, ಸ್ವಲ್ಪ ದಿನ ಆನ್‌ಲೈನ್, ಸ್ವಲ್ಪ ದಿನ ಎಂತದೂ ಇಲ್ಲ, ಹೀಗೆ ಎಲ್ಲ ನೋಡಿ ಆಯ್ತು. ಗುರ್ತದವರು ಫೋನ್ ಮಾಡಿ "ಎಲ್ಲಿ ಹಾಕುದು ಮಾರಾಯ್ತಿ, ಯಾವುದು ಒಳ್ಳೆದು" ಅಂತ ಕೇಳ್ತಾರೆ, ಪ್ರತಿ ಸಲ ಅದೇ ಕತೆ ಅರ್ಧ ಗಂಟೆ ಹೇಳಿ ನಂಗೆ ಬೊಡಿತು, ಅದಕ್ಕೆ ಒಮ್ಮೆ ಕೂತು ಬರ್ದಿಡ್ತೇನೆ. ನಾನು ಥೆರಪಿಸ್ಟ್ ಅಲ್ಲ. ಮಗುವಿನದ್ದು ಬೆಳವಣಿಗೆ ತಡ ಅಂತ ಸಂಶಯ ಇದ್ರೆ ಮೊದ್ಲು ಮಕ್ಕಳ ಡಾಕ್ಟ್ರಿಗೆ ತೋರ್ಸಿ, ಇದನ್ನು ಓದಿ ನಿರ್ಧಾರ ಮಾಡುದು ಬೇಡ.

ಯಾರು ಕೇಳಿದ್ರೂ ನಾನು ತಿರುಗಿ ಕೇಳುದು ಒಂದೇ, ನಿಮ್ಗೆ ಮಗುವಿಗೆ ಎಂತ ಬರ್ಬೇಕು? "ಇಂಪ್ರೂವ್ ಆಗ್ಬೇಕು" ಅಂದ್ರೆ ಅದು ಉತ್ರ ಅಲ್ಲ. ಊಟ ಅವನೇ ಮಾಡ್ಬೇಕಾ, ಚಡ್ಡಿ ಅವನೇ ಹಾಕ್ಬೇಕಾ, ಶಾಲೆಯಲ್ಲಿ ಮೂತ್ರಕ್ಕೆ ಹೋಗ್ಬೇಕು ಅಂತ ಹೇಳ್ಬೇಕಾ, ತಲೆಗೆ ನೀರು ಹಾಕುವಾಗ ಬೊಬ್ಬೆ ಹೊಡಿಯುದು ನಿಲ್ಬೇಕಾ. ಒಂದೋ ಎರಡೋ ಸಾಕು. ಮತ್ತೆ ವಯಸ್ಸು ಸಹ ನೋಡಿ. ಗುಬ್ಬಿ ಹಾಕುದು ಸಾಧಾರಣ ಮಕ್ಕಳಿಗೂ ನಾಲ್ಕರ ಹತ್ರ ಬರುದು, ಶೂ ಲೇಸ್ ಐದಾರು ವರ್ಷಕ್ಕೆ, ಹಲ್ಲುಜ್ಜುವಾಗ ಏಳೆಂಟು ವರ್ಷದ ತನಕ ಎಲ್ಲ ಮಕ್ಕಳಿಗೂ ದೊಡ್ಡವರ ಕೈ ಬೇಕು. ಮೂರು ವರ್ಷದ ಮಗು ಲೇಸ್ ಕಟ್ಟುದಿಲ್ಲ ಅಂತ ಫೀಸ್ ಕೊಟ್ಟು ಓಡ್ಬೇಕಂತ ಇಲ್ಲ.

ಬೋರ್ಡಲ್ಲಿ "ಪ್ಲೇ ಥೆರಪಿ" ಅಂತ ಬರ್ದದ್ದು ನೋಡಿ ಒಳಗೆ ಹೋಗ್ಬೇಡಿ

ಇದ್ರಲ್ಲಿ ನಾನೇ ಬಿದ್ದದ್ದು. ಪ್ಲೇ ಥೆರಪಿ ಅಂತ ಎರಡು ಬೇರೆ ಬೇರೆ ವಿಷಯಕ್ಕೆ ಹೇಳ್ತಾರೆ. ಒಂದು, ಕೌನ್ಸೆಲಿಂಗ್ ಕಡೆಯವ್ರು ಮಾಡುದು. ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಅನ್ನುವವರು 1947ರಲ್ಲಿ ಇದ್ರ ಬಗ್ಗೆ ಪುಸ್ತಕ ಬರ್ದ ಮೇಲೆ ಇದಕ್ಕೊಂದು ರೂಪ ಬಂತು. ಅಲ್ಲಿ ಮಗು ಹೇಳಿದ ಹಾಗೆ ಆಟ, ದೊಡ್ಡವ್ರು ಹಿಂದೆ ಕೂತು ನೋಡುದು, ಮಗುವಿನ ಮನಸ್ಸಲ್ಲಿ ಇರುವ ಹೆದರಿಕೆ, ಸಿಟ್ಟು, ದುಃಖ ಬೊಂಬೆಯಾಟದಲ್ಲಿ ಹೊರಗೆ ಬರ್ಲಿ ಅಂತ. ಮನೆಯಲ್ಲಿ ಸಾವು ಆಗಿ ಮಗು ಮಾತು ಬಿಟ್ಟಿದೆ, ಅಪ್ಪ ಅಮ್ಮ ಬೇರೆ ಆಗಿದ್ದಾರೆ, ನೀರಿನ ಅಪಘಾತ ನೋಡಿ ರಾತ್ರಿ ನಿದ್ದೆ ಇಲ್ಲ, ಅಂಥದ್ದಕ್ಕೆ ಅದು. ಗುಬ್ಬಿ ಹಾಕ್ಲಿಕ್ಕೆ, ಊಟಕ್ಕೆ, ಬಚ್ಚಲಿಗೆ ಅದು ಅಲ್ಲ. ಇನ್ನೊಂದು, ಆಟ ಆಡಿಸ್ತಾ ದಿನದ ಕೆಲಸ ಕಲಿಸುದು, ಇದು ಹೆಚ್ಚಾಗಿ ಆಕ್ಯುಪೇಷನಲ್ ಥೆರಪಿಯವ್ರದ್ದು, ನಾವೆಲ್ಲ ಓಟಿ ಅಂತೇವೆ. ನಾನು ಮೊದಲನೆಯ ಜಾತಿಯ ಜಾಗಕ್ಕೆ ಮೂರು ತಿಂಗಳು ಹೋಗಿದ್ದೆ. ಮೇಡಂ ಒಳ್ಳೆಯವ್ರೇ, ಮಗನಿಗೆ ಖುಷಿಯೇ, ಆದ್ರೆ ನಮ್ಗೆ ಬೇಕಾದ್ದು ಅವ್ರ ಅಂಗಡಿಯಲ್ಲಿ ಇರ್ಲಿಲ್ಲ.

ಓಟಿ ಸೆಂಟರ್, ಒಬ್ಬರಿಗೆ ಒಬ್ಬರು

ಹೆಚ್ಚಿನವ್ರು ಶುರು ಮಾಡುದು ಇಲ್ಲಿ, ಮಾಡ್ಬೇಕಾದ್ದೂ ಇಲ್ಲೇ ಅಂತ ನನ್ನ ಅಭಿಪ್ರಾಯ, ಎಂತಕ್ಕೆ ಅಂದ್ರೆ ಮಗುವಿಗೆ ಎಲ್ಲಿ ತೊಡಕುಂಟು ಅಂತ ಬಿಡಿಸಿ ನೋಡುವ ಕಣ್ಣು ಇವ್ರಿಗೆ ಉಂಟು. ಊಟ ಮಾಡುದಿಲ್ಲ ಅಂದ್ರೆ ನಮ್ಗೆ ಹಠ ಅಂತ ಕಾಣ್ತದೆ, ಅವ್ರು ನೋಡುವಾಗ ಬೆರಳಿಗೆ ಅಂಟು ಆದ್ರೆ ಆಗುದಿಲ್ಲವಾ, ಕೈಗೆ ಬಲ ಇಲ್ಲವಾ, ಕೂತಲ್ಲಿ ಸೊಂಟ ನಿಲ್ಲುದಿಲ್ಲವಾ ಅಂತ ಬೇರೆ ಬೇರೆ ಮಾಡ್ತಾರೆ. ನಮ್ಮವನದ್ದು ಮೂರನೆಯದ್ದು. ಚಕ್ಕಳಮಕ್ಕಳ ಹಾಕಿ ನೆಲದಲ್ಲಿ ಕೂತ್ರೆ ಅವ್ನು ಜಾರ್ತಾ ಜಾರ್ತಾ ಗೋಡೆಗೆ ಒರಗ್ತಿದ್ದ, ಒಂದು ಕೈ ಯಾವಾಗ್ಲೂ ನೆಲಕ್ಕೆ ಊರಿಯೇ ಇರ್ತಿತ್ತು, ಹಾಗಾದ್ರೆ ಊಟಕ್ಕೆ ಕೈ ಎಲ್ಲಿಂದ? ಪುಟ್ಟ ಮಣೆ ಕೊಟ್ಟು, ಕಾಲು ನೆಲಕ್ಕೆ ಸಿಕ್ಕುವ ಹಾಗೆ ಕೂರಿಸಿದ ದಿನವೇ ಅರ್ಧ ಊಟ ಅವನೇ ಮಾಡಿದ. ಆ ಮಣೆ ಅತ್ತೆಯದ್ದು, ತೆಂಗಿನಕಾಯಿ ಹೆರಿಯುವಾಗ ಕೂತ್ಕೊಳ್ಳುದು.

ಸೆಂಟರಲ್ಲಿ ತೂಗುಯ್ಯಾಲೆ, ಚೆಂಡಿನ ತೊಟ್ಟಿ, ದೊಡ್ಡ ರಬ್ಬರ್ ಬಾಲ್, ಟ್ರಾಂಪೊಲಿನ್ ಎಲ್ಲ ಇರ್ತದೆ. ಜೀನ್ ಏರ್ಸ್ ಅನ್ನುವ ಅಮೆರಿಕದ ಓಟಿ 1970ರ ದಶಕದಲ್ಲಿ ಬೆಳೆಸಿದ ಸೆನ್ಸರಿ ಇಂಟಿಗ್ರೇಷನ್, ಅಂದ್ರೆ ಮುಟ್ಟಿದ್ದು, ಕಂಡದ್ದು, ತೂಗಿದ್ದು ಎಲ್ಲ ಮೆದುಳು ಹೊಂದಿಸ್ಕೊಳ್ಳುದು ಅನ್ನುವ ವಿಚಾರದಿಂದ ಇದು ಬಂದದ್ದು. ಮಗುವಿಗೆ ಭಾರೀ ಖುಷಿ ಆಗ್ತದೆ, ಅದು ಸುಳ್ಳಲ್ಲ. ಆದ್ರೆ ಅಮೆರಿಕದ ಮಕ್ಕಳ ಡಾಕ್ಟ್ರುಗಳ ಅಕಾಡೆಮಿ 2012ರಲ್ಲೇ ಹೇಳಿತ್ತು, ಇದ್ರಿಂದ ಆಗುವ ಲಾಭಕ್ಕೆ ಪುರಾವೆ ಕಡಿಮೆ, ಮಾಡುದಾದ್ರೆ ಗುರಿ ಇಟ್ಟು ಮಾಡಿ, ಆಯ್ತಾ ಇಲ್ಲವಾ ಅಂತ ಅಳೀರಿ ಅಂತ. ಹಾಗಾಗಿ ಉಯ್ಯಾಲೆ ಎಷ್ಟು ದೊಡ್ಡದು ಅಂತ ನೋಡ್ಬೇಡಿ. ಫೈಲಲ್ಲಿ ಗುರಿ ಎಂತ ಬರ್ದಿದ್ದಾರೆ ಅಂತ ಕೇಳಿ. "ಸೆನ್ಸರಿ ರೆಗ್ಯುಲೇಷನ್ ಸುಧಾರಣೆ" ಅಂತ ಬರ್ದಿದ್ರೆ ಅದು ಯಾವತ್ತು ಮುಗೀತದೆ ಅಂತ ದೇವ್ರಿಗೂ ಗೊತ್ತಿಲ್ಲ. "ಮೂರು ತಿಂಗಳಲ್ಲಿ ಸ್ನಾನದ ನಂತ್ರ ಚಡ್ಡಿ ತಾನೇ ಹಾಕುದು, ಒಂದೇ ಸಲ ಹೇಳಿದ್ರೆ" ಅಂತ ಬರ್ದಿದ್ರೆ ಅದು ಲೆಕ್ಕಕ್ಕೆ ಸಿಗುವ ಮಾತು.

ಡಿಗ್ರಿ ಕೇಳ್ಲಿಕ್ಕೆ ನಾಚಿಕೆ ಬೇಡ. ಓಟಿ ಅಂದ್ರೆ ನಾಲ್ಕು ವರ್ಷ ಓದಿ ಮತ್ತೆ ಇಂಟರ್ನ್‌ಶಿಪ್ ಮಾಡುವ ಬಿಓಟಿ ಡಿಗ್ರಿ. ಸ್ಪೀಚ್ ಥೆರಪಿಸ್ಟ್, ಸ್ಪೆಷಲ್ ಎಜುಕೇಟರ್, ಕ್ಲಿನಿಕಲ್ ಸೈಕಾಲಜಿಸ್ಟ್ ಇವ್ರಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ, ಅಂದ್ರೆ ಆರ್‌ಸಿಐನ ನೋಂದಣಿ ನಂಬರ್ ಇರ್ತದೆ, ಅದು ಕೇಳ್ಬಹುದು. ಓಟಿಯವ್ರು ಆರ್‌ಸಿಐ ಅಡಿಯಲ್ಲಿ ಬರುದಿಲ್ಲ, ಅವ್ರ ಹತ್ರ ಆರ್‌ಸಿಐ ನಂಬರ್ ಇಲ್ಲ ಅಂತ ಸಂಶಯ ಪಡ್ಬೇಡಿ, ಅವ್ರಿಗೆ 2021ರ ಅಲೈಡ್ ಹೆಲ್ತ್ ಕಾನೂನು ಬೇರೆ. ನಾನು ಒಮ್ಮೆ ಹಾಗೆ ಕೇಳಿ ಒಳ್ಳೆ ಹುಡುಗಿಯನ್ನು ಸುಮ್ಮನೆ ಮುಜುಗರ ಮಾಡಿದ್ದೇನೆ.

ಮತ್ತೊಂದು, ಬಾಗಿಲು. ಒಂದು ಕಡೆ ಮೂರು ತಿಂಗಳ ಫೀಸ್ ಮೊದ್ಲೇ ತಕೊಂಡ್ರು, ಮಗುವನ್ನು ಒಳಗೆ ಕಳಿಸಿ ನಾವು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ, ನಲವತ್ತೈದು ನಿಮಿಷ. ಒಳಗೆ ಎಂತ ಆಯ್ತು ಕೇಳಿದ್ರೆ "ಗುಡ್ ಸೆಷನ್ ಮೇಡಂ". ಪೇರೆಂಟ್ಸ್ ಇದ್ರೆ ಮಗು ಕೋ-ಆಪರೇಟ್ ಮಾಡುದಿಲ್ಲ ಅಂತ ಕಾರಣ. ಕೆಲವು ಮಕ್ಕಳಿಗೆ ಅದು ನಿಜವೇ ಇರ್ಬಹುದು, ಆದ್ರೆ ಕೊನೆಯ ಹತ್ತು ನಿಮಿಷವಾದ್ರೂ ಕರೀಬಹುದಲ್ಲ? ವಾರಕ್ಕೆ ಎರಡು ಸೆಷನ್ ಅಂದ್ರೆ ಒಂದೂವರೆ ಗಂಟೆ, ಉಳಿದ ವಾರ ಪೂರ್ತಿ ಮಗು ನಮ್ಮ ಹತ್ರ ಇರುದು. ಆ ಒಂದೂವರೆ ಗಂಟೆಯಲ್ಲಿ ಅವ್ರು ಎಂತ ಮಾಡಿದ್ರು ಅಂತ ನಂಗೆ ಗೊತ್ತಿಲ್ಲದಿದ್ರೆ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮೆಡಿಕಲ್ ಕಾಲೇಜಿನ ವಿಭಾಗಗಳು

ನಮ್ಮ ಎರಡು ಜಿಲ್ಲೆಯವ್ರ ಪುಣ್ಯ ಅಂದ್ರೆ ಇದು. ಮಣಿಪಾಲದಲ್ಲಿ ಓಟಿ ಕಲಿಸುವ ವಿಭಾಗವೇ ಉಂಟು, ಮಂಗ್ಳೂರಲ್ಲಿ ಕೆಎಂಸಿ ಮತ್ತೆ ಫಾದರ್ ಮುಲ್ಲರ್ಸಲ್ಲಿ ಸ್ಪೀಚ್ ಅಂಡ್ ಹಿಯರಿಂಗ್ ಓದಿಸ್ತಾರೆ. ಮಗುವಿಗೆ ಮಾತು, ಕೈ ಕೆಲಸ, ನಡವಳಿಕೆ ಎಲ್ಲ ಒಟ್ಟಿಗೆ ನೋಡ್ಬೇಕಾದ್ರೆ ದೊಡ್ಡ ಆಸ್ಪತ್ರೆ ಅನುಕೂಲ, ಒಂದು ಡಿಪಾರ್ಟ್‌ಮೆಂಟಿಂದ ಇನ್ನೊಂದಕ್ಕೆ ಚೀಟಿ ಕೊಟ್ಟು ಕಳಿಸ್ತಾರೆ. ಕಾಲೇಜು ಅಂದ ಮೇಲೆ ಸ್ಟೂಡೆಂಟ್ಸ್ ಇರ್ತಾರೆ, ಅವ್ರ ಹಿಂದೆ ಸೀನಿಯರ್ ನಿಂತಿರ್ತಾರೆ. ಸ್ಟೂಡೆಂಟ್ಸ್ ಅಂದ್ರೆ ಕೆಲವ್ರು ಮೂಗು ಮುರೀತಾರೆ, ನಂಗೆ ಹಾಗೆ ಕಾಣ್ಲಿಲ್ಲ, ಅವ್ರಿಗೆ ಉತ್ಸಾಹ ಇರ್ತದೆ, ನೆಲದಲ್ಲಿ ಹೊರಳಾಡ್ಲಿಕ್ಕೂ ರೆಡಿ, ಪ್ರತಿ ಸೆಷನ್ ಬರ್ದಿಡ್ತಾರೆ. ಕಷ್ಟ ಎಂತ ಅಂದ್ರೆ ಅವ್ರ ಪೋಸ್ಟಿಂಗ್ ಮುಗಿದ ಕೂಡ್ಲೇ ಹೊಸ ಮುಖ ಬರ್ತದೆ. ನಮ್ಮವ್ನಿಗೆ ಹೊಸ ಮುಖ ಅಂದ್ರೆ ಎರಡು ವಾರ ಹಾಳು.

ಮತ್ತೆ ಭಾಷೆ. ಇದನ್ನು ಯಾರೂ ಹೇಳುದಿಲ್ಲ, ನಾನು ಹೇಳ್ತೇನೆ. ನಮ್ಮ ಮನೇಲಿ ತುಳು. ನಮ್ಗೆ ಸಿಕ್ಕಿದ ಸ್ಟೂಡೆಂಟ್ ಹುಡುಗಿ ಕೇರಳದವ್ಳು, ಮಗನ ಹತ್ರ ಇಂಗ್ಲಿಷಲ್ಲಿ "ಪುಲ್, ಪುಲ್" ಅಂತಿದ್ಳು. ಅವ್ನು ಅಲ್ಲಿ "ಪುಲ್" ಅಂದ್ರೆ ಚಡ್ಡಿ ಎಳೀತಿದ್ದ, ಮನೇಲಿ ಅತ್ತೆ "ಒಯ್ಪುಲ ಮಗಾ" (ಎಳಿ ಮಗ) ಅಂದ್ರೆ ಸುಮ್ಮನೆ. ಅವ್ನಿಗೆ ಅದು ಬೇರೆ ಆಟ. ಆ ಹುಡುಗಿ ಪಾಪ ಎರಡೇ ದಿನದಲ್ಲಿ ತುಳುವಿನ ಹತ್ತು ಶಬ್ದ ಬರ್ಕೊಂಡು ಕಲಿತ್ಳು, ಮೇಲೆ, ಕೆಳಗೆ, ಎಳಿ, ಬಿಡು, ಸಾಕು, ಇನ್ನೊಮ್ಮೆ, ಅಷ್ಟೇ ಬೇಕಾದ್ದು. ನಿಮ್ಮ ಮನೇಲಿ ಕೊಂಕಣಿಯೋ ಬ್ಯಾರಿಯೋ ಕುಂದಾಪ್ರ ಕನ್ನಡವೋ ಇದ್ರೆ ಮೊದಲ ದಿನವೇ ಒಂದು ಚೀಟಿಯಲ್ಲಿ ಈ ಶಬ್ದಗಳನ್ನು ಬರ್ದು ಕೊಡಿ.

ಸರ್ಕಾರದ್ದು

ಖಾಸಗಿ ಫೀಸ್ ಆಗುದಿಲ್ಲ ಅಂದ್ರೆ ಹಾದಿ ಇಲ್ಲ ಅಂತ ಅಲ್ಲ. 2013ರಲ್ಲಿ ಶುರುವಾದ ಆರ್‌ಬಿಎಸ್‌ಕೆ ಅಂತ ಕೇಂದ್ರದ ಕಾರ್ಯಕ್ರಮ ಉಂಟು, ಹುಟ್ಟಿದಲ್ಲಿಂದ 18 ವರ್ಷದ ತನಕದ ಮಕ್ಕಳನ್ನು ಅಂಗನವಾಡಿ, ಸರ್ಕಾರಿ ಶಾಲೆಯಲ್ಲೇ ತಪಾಸಣೆ ಮಾಡ್ತಾರೆ, ಬೆಳವಣಿಗೆ ತಡ ಕಂಡ್ರೆ ಜಿಲ್ಲಾ ಮಟ್ಟದ ಡಿಇಐಸಿಗೆ, ಅಂದ್ರೆ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸ್ತಾರೆ. ನಿಮ್ಮ ಆಶಾ ಅಕ್ಕನ ಹತ್ರವೋ ಅಂಗನವಾಡಿ ಟೀಚರ್ ಹತ್ರವೋ ಕೇಳಿದ್ರೆ ದಾರಿ ಹೇಳ್ತಾರೆ. ಮಂಗ್ಳೂರಿನವ್ರಿಗೆ ವೆನ್‌ಲಾಕ್ ಸರ್ಕಾರಿ ಆಸ್ಪತ್ರೆ ಗೊತ್ತೇ ಉಂಟು. ರಶ್ ಇರ್ತದೆ, ವಾರ ವಾರ ಥೆರಪಿ ಸಿಕ್ಕುದು ಕಷ್ಟ ಆಗ್ಬಹುದು, ಆದ್ರೆ ಪರೀಕ್ಷೆ ಮಾಡಿಸ್ಲಿಕ್ಕೆ, ಕಾಗದಪತ್ರಕ್ಕೆ ಇಲ್ಲಿಂದ್ಲೇ ಶುರು ಮಾಡುದು ಬುದ್ಧಿವಂತಿಕೆ. ಕಾಗದ ಅಂದ್ರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಕಾರ್ಡ್), ಮತ್ತೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿ ಬೆಳವಣಿಗೆ ಕಡಿಮೆ, ಬಹು ಅಂಗವೈಕಲ್ಯ ಇದ್ದವ್ರಿಗೆ ವರ್ಷಕ್ಕೆ 1 ಲಕ್ಷದ ತನಕ, ಥೆರಪಿಯ ಖರ್ಚಿಗೂ ಅದ್ರಲ್ಲಿ ಒಂದು ಪಾಲು ಇಟ್ಟಿದ್ದಾರೆ. ಬಿಲ್ಲು ಬಿಸಾಡ್ಬೇಡಿ, ನಾನು ಬಿಸಾಡಿ ಒಂದು ವರ್ಷದ್ದು ಕಳ್ಕೊಂಡೆ.

ಮೇಜಿನ ಮುಂದೆ ಕೂರಿಸಿ ಕಲಿಸುವವ್ರು

ಎಬಿಎ (ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್) ಅಂತಾರಲ್ಲ, ಹೇಳಿದ್ದು ಮಾಡಿದ್ರೆ ಒಂದು ಚಿಪ್ಸ್, ಒಂದು ಸ್ಟಿಕ್ಕರ್. ಅಮೆರಿಕದ ಲೊವಾಸ್ ಅನ್ನುವ ಸೈಕಾಲಜಿಸ್ಟ್ 1987ರಲ್ಲಿ ಪ್ರಕಟಿಸಿದ ಎಬಿಎ ಸ್ಟಡಿಯಲ್ಲಿ ವಾರಕ್ಕೆ 40 ಗಂಟೆ ಇತ್ತು, ನಮ್ಮಲ್ಲಿ ಯಾರ ಕೈಯಲ್ಲಿ ಆಗ್ತದೆ ಅದು. ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆ ಮಾಡಿ ಕಲಿಸುವ ಲೆಕ್ಕ ಅವ್ರದ್ದು ಪಕ್ಕಾ, ಟಾಯ್ಲೆಟ್ ಕಲಿಸ್ಲಿಕ್ಕೆ ಆ ಲೆಕ್ಕ ನಮ್ಗೂ ಉಪಯೋಗಕ್ಕೆ ಬಂತು. ಆದ್ರೆ ಬಾಯಿಗೆ ಚಿಪ್ಸ್ ಬೀಳದಿದ್ರೆ ಕೈ ಎತ್ತದ ಸ್ಥಿತಿಗೆ ಮಗು ಬಂದ್ರೆ ಮತ್ತೆ ಭಂಗ. ಈಗ ಅದನ್ನೇ ಆಟದ ಒಳಗೆ ಹೊಂದಿಸಿ ಮಾಡುವ ಕ್ರಮಗಳು ಬಂದಿವೆ, ಅಂಥವ್ರು ಸಿಕ್ಕಿದ್ರೆ ನೋಡಿ. ಮಗು ಅಳ್ತಾ ಇದ್ರೂ ಕೈ ಹಿಡಿದು ಒತ್ತಿ ಮಾಡಿಸುವವ್ರು ಕಂಡ್ರೆ ನಾನಾದ್ರೆ ಅದೇ ದಿನ ಎದ್ದು ಬರ್ತೇನೆ.

ಮನೆಯಲ್ಲೇ, ಹೇಳಿ ಕೊಡುವವ್ರು ಒಬ್ರು ಇಟ್ಕೊಂಡು

ನನ್ನ ಓಟು ಇದಕ್ಕೆ. ಅಂದ್ರೆ ಥೆರಪಿಸ್ಟ್ ಬೇಡ ಅಂತಲ್ಲ, ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಅವ್ರು ನೋಡಿ ನಮ್ಗೆ ಕಲಿಸುದು, ನಾವು ಮಗುವಿಗೆ ಕಲಿಸುದು. ಇದು ದುಡ್ಡಿಲ್ಲದವ್ರ ಪರ್ಯಾಯ ಅಂತ ತಿಳ್ಕೊಳ್ಬೇಡಿ. ಡಬ್ಲ್ಯುಎಚ್‌ಓದವ್ರೇ ಮಕ್ಕಳನ್ನು ನೋಡ್ಕೊಳ್ಳುವವ್ರಿಗೆ ಅಂತ ಒಂದು ತರಬೇತಿ ಮಾಡಿದ್ದಾರೆ, 2ರಿಂದ 9 ವರ್ಷದ ಮಕ್ಕಳ ಮನೆಯವ್ರಿಗೆ, 9 ಗುಂಪು ತರಗತಿ, 3 ಸಲ ಮನೆಗೆ ಬಂದು ನೋಡುದು, ಇಡೀ ವಿಷಯ ಆಟ ಮತ್ತೆ ಮನೆಯ ದಿನಚರಿ ಮೇಲೆಯೇ. ನಮ್ಮ ಪಕ್ಕದ ಗೋವಾದಲ್ಲಿ ಮತ್ತೆ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ 65 ಆಟಿಸಂ ಮಕ್ಕಳ ಮೇಲೆ ಒಂದು ಅಧ್ಯಯನ ಮಾಡಿ 2016ರಲ್ಲಿ ಪ್ರಕಟ ಮಾಡಿದ್ರು, ಅಲ್ಲಿ ಕಲಿಸಿದವ್ರು ಸ್ಪೆಷಲಿಸ್ಟ್ ಅಲ್ಲ, ಟ್ರೈನಿಂಗ್ ಕೊಟ್ಟ ಸಾಮಾನ್ಯ ಹೆಲ್ತ್ ವರ್ಕರ್ಸ್, ತಂದೆತಾಯಿ ಮಗುವಿನ ಒಟ್ಟಿಗೆ ಆಡುವ ವಿಡಿಯೋ ತೆಗ್ದು ಅವ್ರಿಗೇ ತೋರಿಸಿ ಮಾತಾಡುದು. ತಂದೆತಾಯಿ ಮಗುವಿಗೆ ಸ್ಪಂದಿಸುವ ರೀತಿ ಸುಧಾರಿಸ್ತು, ಮಕ್ಕಳು ತಾವಾಗಿ ಮಾತಿಗೆ ಆಟಕ್ಕೆ ಬರುದು ಹೆಚ್ಚಾಯ್ತು. ಗುಬ್ಬಿ ಹಾಕುದು ಅದ್ರಲ್ಲಿ ಇಲ್ಲ, ಅದು ಮಗುವಿನ ಒಡನಾಟದ ಬಗ್ಗೆ, ಆದ್ರೆ ತಾಯಿ ಕೈಯಲ್ಲಿ ಆಗ್ತದೆ ಅಂತ ನಂಗೆ ಧೈರ್ಯ ಬಂದದ್ದು ಅದನ್ನು ಓದಿ.

ಮನೇಲಿ ನಾವು ಮಾಡಿದ್ದು ಹೇಗೆ ಅಂತ ಚಡ್ಡಿಯದ್ದೇ ಹೇಳ್ತೇನೆ. ಕೊನೆಯಿಂದ ಕಲಿಸುದು. ನಾನು ಎರಡೂ ಕಾಲು ಹಾಕಿ, ಮೊಣಕಾಲು ದಾಟಿಸಿ, ತೊಡೆ ತನಕ ಎಳೆದು ಬಿಡುದು, ಅವ್ನು ಸೊಂಟಕ್ಕೆ ಎಳೆದ್ರೆ ಆಯ್ತು, ಕೆಲಸ ಮುಗಿಸಿದವ ಅವ್ನೇ. ಅದು ಸರಿ ಬಂದ ಮೇಲೆ ಮೊಣಕಾಲಲ್ಲಿ ಬಿಡುದು, ಮತ್ತೆ ಒಂದು ಕಾಲು ಅವ್ನಿಗೆ, ಮತ್ತೆ ಎರಡೂ. ಮೊದಲಿಂದ ಕಲಿಸಿದ್ರೆ ಮಗು ಶುರು ಮಾಡ್ತದೆ, ನಾವು ಮುಗಿಸ್ತೇವೆ, ಅವ್ನಿಗೆ ಮುಗಿಸಿದ ಖುಷಿ ಸಿಕ್ಕುದೇ ಇಲ್ಲ. ಆಟ ಎಲ್ಲಿ ಅಂತ ಕೇಳಿದ್ರೆ, ಚಡ್ಡಿಯ ಒಂದೊಂದು ಕಾಲು ಒಂದೊಂದು ಸುರಂಗ, ಕಾಲು ಕೊಂಕಣ ರೈಲು, ಕೂ ಅಂತ ಒಳಗೆ ಹೋಗಿ ಆಚೆ ಹೊರಗೆ ಬರ್ಬೇಕು. ಮಗನಿಗೆ ರೈಲಿನ ಹುಚ್ಚು, ಇನ್ನಂಜೆ ಸ್ಟೇಷನ್ನಲ್ಲಿ ನಿಂತು ಗೂಡ್ಸ್ ಡಬ್ಬಿ ಲೆಕ್ಕ ಮಾಡುವವ. ನಿಮ್ಮ ಮಗುವಿಗೆ ಎಂತದ್ರ ಹುಚ್ಚೋ ಅದನ್ನು ತಕೊಳ್ಳಿ, ನೂರು ರೂಪಾಯಿಯ ಫ್ಲ್ಯಾಶ್‌ಕಾರ್ಡ್ ಬೇಡ.

ಬೆರಳಿಗೆ ಚೆನ್ನೆಮಣೆ. ನಮ್ಮಲ್ಲಿ ಆಟಿ ತಿಂಗಳ ಮಳೆಗೆ ಆಡುವ ಆಟ, 14 ಗುಳಿ, ಒಂದೊಂದಕ್ಕೆ 4 ಕಾಯಿ. ನಾಲ್ಕು ಕಾಯಿ ಅಂಗೈಯಲ್ಲಿ ಇಟ್ಕೊಂಡು ಅದೇ ಕೈಯ ಬೆರಳ ತುದಿಗೆ ಒಂದೊಂದೇ ತಂದು ಬಿಡುದು, ಇದೇ ಕೆಲಸವನ್ನು ಓಟಿಯವ್ರು ನಾಣ್ಯ ಕೊಟ್ಟು ಮಾಡಿಸ್ತಾರೆ, ಗುಬ್ಬಿಗೂ ಇದೇ ಬೆರಳು ಬೇಕಾದ್ದು. ನಮ್ಮ ಥೆರಪಿಸ್ಟಿಗೆ ಅಟ್ಟದಿಂದ ಇಳಿಸಿ ತೋರಿಸಿದಾಗ ಅವ್ರೇ ಫೋಟೋ ತೆಗ್ದ್ರು. ಕಾಯಿಗೆ ಇಡುವ ಮಂಜೊಟ್ಟಿ ಬೀಜದ ಬದ್ಲು ಗುಲಗಂಜಿ ಇಡ್ಬೇಡಿ, ಅದು ವಿಷ. ಬಾಯಿಗೆ ಹಾಕುವ ಮಗು ಆದ್ರೆ ಯಾವ ಬೀಜವೂ ಬೇಡ.

ಊಟಕ್ಕೆ ನೀರುದೋಸೆಯಿಂದ ಶುರು ಮಾಡಿ, ಚಪಾತಿಯಿಂದ ಅಲ್ಲ. ಮೆತ್ತಗೆ ಉಂಟು, ಎರಡು ಕೈಯಲ್ಲಿ ಎಳೆದ್ರೆ ಬರ್ತದೆ, ಬೆಲ್ಲ ಕಾಯಿ ಇಟ್ಟು ಮಡಚಿದ್ರೆ ಅದೇ ಆಟ. ಗಂಜಿ ಕೊನೆಗೆ, ತಿಳಿ ತೆಗ್ದು ಗಟ್ಟಿ ಮಾಡಿ ಕೊಡಿ, ಚಮಚದಿಂದ ಜಾರದ ಹಾಗೆ. ಸ್ನಾನಕ್ಕೆ ತಲೆಗೆ ನಾವು ಹೊಯ್ಯುದು ಬಿಟ್ಟು ಸಣ್ಣ ಚೆಂಬು ಅವ್ನ ಕೈಗೆ ಕೊಟ್ಟೆವು, ಮೊದ್ಲು ಗೋಡೆಗೆ, ಮತ್ತೆ ನನ್ನ ಕೈಗೆ, ಮತ್ತೆ ಅವ್ನ ಕಾಲಿಗೆ, ತಲೆಗೆ ಬರುವಾಗ ಒಂದು ತಿಂಗಳು. ಬಾಲ್ದಿ ಬಾಲ್ದಿ ನೀರು ಖರ್ಚು, ಎಪ್ರಿಲ್ ಮೇ ತಿಂಗಳು ಬಾವಿ ತಳ ಕಾಣುವಾಗ ಇದನ್ನು ಶುರು ಮಾಡ್ಬೇಡಿ ಮಾರಾಯ್ರೆ.

ಇದ್ರ ಕಷ್ಟ ಎಂತ ಅಂದ್ರೆ ನಾವೇ. ಬೆಳಿಗ್ಗೆ ಎಂಟು ಗಂಟೆಗೆ ಸ್ಕೂಲ್ ವ್ಯಾನ್ ಬರುವಾಗ ಸುರಂಗ ರೈಲು ಆಡ್ಲಿಕ್ಕೆ ಯಾರಿಗೆ ತಾಳ್ಮೆ ಉಂಟು, ಎಳೆದು ಹಾಕಿ ಕಳಿಸುದೇ. ಹಾಗಾಗಿ ನಾವು ಬೆಳಿಗ್ಗೆ ಬಿಟ್ಟು ಸಂಜೆ ಸ್ನಾನದ ನಂತ್ರದ ಹೊತ್ತು ಇಟ್ಕೊಂಡೆವು. ಮತ್ತೆ ಅತ್ತೆ. ಪಾಪ ಅವ್ರಿಗೆ ಮಗು ತಿಣುಕಾಡುದು ನೋಡ್ಲಿಕ್ಕೆ ಆಗುದಿಲ್ಲ, "ಎಂತ ಶಿಕ್ಷೆ ಕೊಡ್ತಿ ಅದಕ್ಕೆ" ಅಂತ ನನ್ನ ಮೇಲೆ ಸಿಟ್ಟು, ನಾನು ಆಚೆ ತಿರುಗುದ್ರೊಳಗೆ ಗುಬ್ಬಿ ಹಾಕಿ ಆಗಿರ್ತದೆ. ಜಗಳ ಮಾಡಿ ಪ್ರಯೋಜನ ಆಗ್ಲಿಲ್ಲ. ಅವ್ರಿಗೊಂದು ಕೆಲಸ ಕೊಟ್ಟದ್ದು ಕೆಲಸಕ್ಕೆ ಬಂತು. ಅವ್ರು ಮಲ್ಲಿಗೆ ಕಟ್ಟುವವ್ರು, ನಮ್ಮ ಕಡೆ ಶಂಕರಪುರ ಮಲ್ಲಿಗೆ ಗೊತ್ತಲ್ಲ. ಮಗನನ್ನು ಪಕ್ಕದಲ್ಲಿ ಕೂರಿಸಿ ನಾಲ್ಕು ನಾಲ್ಕು ಮೊಗ್ಗು ತೊಟ್ಟು ಹಿಡಿದು ಎತ್ತಿ ಅಜ್ಜಿ ಕೈಗೆ ಕೊಡುದು. ಒತ್ತಿ ಹಿಡಿದ್ರೆ ಮೊಗ್ಗು ಕಪ್ಪಾಗ್ತದೆ, ಅಜ್ಜಿ ಬೈತಾರೆ, ಮೆತ್ತಗೆ ಹಿಡೀಲಿಕ್ಕೆ ಅದಕ್ಕಿಂತ ಒಳ್ಳೆ ಮಾಸ್ತ್ರು ಇಲ್ಲ. ಈಗ ಸೆಂಟರಿಗೆ ನಾನು ಕರ್ಕೊಂಡು ಹೋಗುವಾಗ "ನಾನು ಕಲಿಸಿದ್ದು ತೋರ್ಸು ಅವ್ರಿಗೆ" ಅಂತ ಅತ್ತೆಯೇ ಹೇಳಿ ಕಳಿಸ್ತಾರೆ.

ಗುಂಪಲ್ಲಿ ಆಡ್ಲಿಕ್ಕೆ, ಮತ್ತೆ ಫೋನಲ್ಲಿ

ಗ್ರೂಪ್ ಸೆಷನ್, ಸ್ಪೆಷಲ್ ಸ್ಕೂಲ್, ಅಂಗನವಾಡಿ, ಯಾವುದಾದ್ರೂ ಒಂದು ಗುಂಪು ಬೇಕೇ ಬೇಕು, ಆದ್ರೆ ಹೊಸ ಕೆಲಸ ಕಲೀಲಿಕ್ಕೆ ಅಲ್ಲ, ಕಲಿತದ್ದು ನಾಲ್ಕು ಜನರ ಎದುರು ಮಾಡ್ಲಿಕ್ಕೆ. ಸರದಿ ಕಾಯುದು, ಇನ್ನೊಬ್ಬನ ಬಟ್ಲಿಗೆ ಕೈ ಹಾಕದೆ ಇರುದು, ಕೈ ತೊಳೆಯುವ ನಳ್ಳಿ ಹತ್ರ ಲೈನಲ್ಲಿ ನಿಲ್ಲುದು, ಇದು ಒಬ್ಬರಿಗೆ ಒಬ್ಬರು ಇದ್ದಲ್ಲಿ ಬರುದೇ ಇಲ್ಲ. ಶಬ್ದಕ್ಕೆ ಕಿವಿ ಮುಚ್ಚುವ ಮಗುವನ್ನು ಇಪ್ಪತ್ತು ಮಕ್ಕಳ ನಡುವೆ ಬಿಡ್ಬೇಡಿ, ಮೂರ್ನಾಲ್ಕು ಮಕ್ಕಳಿಂದ ಶುರು ಮಾಡಿ.

ಆನ್‌ಲೈನ್ ಬಗ್ಗೆ ನಂಗೆ ಮೊದ್ಲು ನಂಬಿಕೆ ಇರ್ಲಿಲ್ಲ. ಮಗು ಸ್ಕ್ರೀನ್ ನೋಡಿ ಕಲೀತದೆ ಅಂತ ಮಾಡುದಾದ್ರೆ ಈಗ್ಲೂ ಇಲ್ಲ. ಆದ್ರೆ ಫೋನನ್ನು ಬಚ್ಚಲ ಬಾಗಿಲ ಹತ್ರ ಮಗು ಬಟ್ಟೆ ಹಾಕುವ ಜಾಗಕ್ಕೆ ತಿರುಗಿಸಿಟ್ಟು ಥೆರಪಿಸ್ಟ್ ನಂಗೆ ಕಿವಿಗೆ ಹೇಳಿಕೊಡುದಾದ್ರೆ, ಅದು ಸೆಂಟರಿಗಿಂತ ಒಳ್ಳೆದಾಯ್ತು, ಯಾಕಂದ್ರೆ ಅವ್ರು ನಮ್ಮ ಮನೆಯ ಕೊಕ್ಕೆ ಎಷ್ಟು ಎತ್ತರ ಉಂಟು ಅಂತ ನೋಡಿದ್ರು. ಮಗುವಿಗೆ ಬೈರಾಸು (ಟವೆಲ್) ಸಿಕ್ಕುದಿಲ್ಲ, ಅದಕ್ಕೇ ಅವ್ನು ಒದ್ದೆ ಮೈಯಲ್ಲಿ ಓಡುದು ಅಂತ ಅವ್ರೇ ಹೇಳಿದ್ದು. ಒಂದು ಮೊಳೆ ಕೆಳಗೆ ಹೊಡೆದೆವು, ಮುಗೀತು. ಬಟ್ಟೆ ಇಲ್ಲದ ಮಗು ಕ್ಯಾಮೆರಾಕ್ಕೆ ಬೀಳದ ಹಾಗೆ ನೋಡ್ಕೊಳ್ಳಿ, ಚಡ್ಡಿ ಹಾಕಿದ ಮೇಲೆಯೇ ಆನ್ ಮಾಡುದು, ರೆಕಾರ್ಡ್ ಬೇಡ. ಜೂನ್ ಜುಲೈಯಲ್ಲಿ ಡಿಸಿ ರಜೆ ಕೊಟ್ಟ ದಿನ, ಹೆದ್ದಾರಿಯಲ್ಲಿ ಬಸ್ಸು ನೀರು ಹಾರಿಸ್ತಾ ಹೋಗುವ ದಿನ, ಮಗುವನ್ನು ಒದ್ದೆ ಮಾಡಿ ಕರ್ಕೊಂಡು ಹೋಗುದಕ್ಕಿಂತ ಇದು ಎಷ್ಟೋ ವಾಸಿ.

ಹಾಗಾದ್ರೆ ಯಾರಿಗೆ ಯಾವುದು

ಮಗುವಿಗೆ ಎಂತ ತೊಂದ್ರೆ ಅಂತಲೇ ಇನ್ನೂ ಗೊತ್ತಿಲ್ಲದವ್ರು ಆಸ್ಪತ್ರೆ ವಿಭಾಗಕ್ಕೋ ಡಿಇಐಸಿಗೋ ಹೋಗಿ, ಸೆಂಟರ್ ಹುಡುಕುದು ಆಮೇಲೆ. ಕೈಗೆ ಬಲ ಇಲ್ಲ, ಕೂರ್ಲಿಕ್ಕೆ ಆಗುದಿಲ್ಲ, ಅಂಟು ಮುಟ್ಟಿದ್ರೆ ವಾಂತಿ ಅಂದ್ರೆ ಮೊದಲ ಆರು ತಿಂಗಳು ಓಟಿ ಹತ್ರವೇ ಹೋಗಿ, ಮನೇಲಿ ನೀವೇ ಯೂಟ್ಯೂಬ್ ನೋಡಿ ಮಾಡ್ಬೇಡಿ. ಕೈಯಲ್ಲಿ ಆಗ್ತದೆ, ಆದ್ರೆ ಮಾಡುದಿಲ್ಲ, ಅಲ್ಲಿ ಮಾಡ್ತಾನೆ, ಇಲ್ಲಿ ಇಲ್ಲ ಅಂದ್ರೆ ಸೆಂಟರಿನ ಸೆಷನ್ ಕಡಿಮೆ ಮಾಡಿ ಮನೆ ಕಡೆಗೆ ಬನ್ನಿ, ನಮ್ಮದು ಅದೇ ಕೇಸು, ಗೊತ್ತಾಗ್ಲಿಕ್ಕೆ ತಡ ಆಯ್ತು ಅಷ್ಟೆ. ಇಬ್ರೂ ಕೆಲಸಕ್ಕೆ ಹೋಗುವವ್ರು, ಮನೇಲಿ ಅಜ್ಜ ಅಜ್ಜಿ ನೋಡ್ಕೊಳ್ಳುದು ಅಂದ್ರೆ ಸೆಷನ್ನಿಗೆ ಅಜ್ಜಿಯನ್ನೇ ಕರ್ಕೊಂಡು ಹೋಗಿ, ನೀವು ಹೋಗಿ ಬಂದು ಅವ್ರಿಗೆ ಹೇಳುದ್ರಲ್ಲಿ ಅರ್ಧ ಹೋಗ್ತದೆ. ದೂರದ ಒಳ್ಳೆ ಸೆಂಟರಾ ಹತ್ರದ ಸಾಧಾರಣ ಸೆಂಟರಾ ಅಂತ ಕೇಳಿದ್ರೆ, ನಾನು ಮಂಗ್ಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ, ಮತ್ತೆ ಆಟೋ, ಮುಕ್ಕಾಲು ಗಂಟೆಯ ಸೆಷನ್ನಿಗೆ ಅರ್ಧ ದಿನ ಕಳೆದವ್ಳು, ವಾಪಸ್ ಬರುವಾಗ ಮಗ ಮಡಿಲಲ್ಲಿ ನಿದ್ದೆ, ಸಂಜೆಯ ಆಟ ಎಲ್ಲಿಂದ. ಹತ್ರದ್ದು ತಕೊಳ್ಳಿ, ದೂರದ್ದಕ್ಕೆ ಮೂರು ತಿಂಗಳಿಗೊಮ್ಮೆ ತೋರ್ಸಿ ಬನ್ನಿ.

ಫೋನ್ ಮಾಡುವಾಗ ಮೂರೇ ಕೇಳಿ. ನಾನು ಒಳಗೆ ಕೂರ್ಬಹುದಾ. ಈ ವಾರ ಮನೇಲಿ ಎಂತ ಮಾಡ್ಬೇಕು ಅಂತ ಪ್ರತಿ ಸಲ ಹೇಳ್ತೀರಾ. ಮಗು ಇದನ್ನು ಕಲಿತ ಮೇಲೆ ಸೆಷನ್ ನಿಲ್ಲಿಸ್ಲಿಕ್ಕೆ ನೀವೇ ಹೇಳ್ತೀರಾ. ಮೂರನೆಯದ್ದಕ್ಕೆ ಆಚೆಯವ್ರು ನಗ್ತಾರಾ, ತಡವರಿಸ್ತಾರಾ ಅಂತ ಸ್ವಲ್ಪ ಗಮನ ಇಟ್ಟು ಕೇಳಿ.

ನಮ್ಮವ್ನು ಈಗ ಅಂಗಿಯ ಕೆಳಗಿನ ಗುಬ್ಬಿಯಿಂದ ಶುರು ಮಾಡಿ ನಾಲ್ಕು ಹಾಕ್ತಾನೆ, ಅಲ್ಲಿ ಕಣ್ಣಿಗೆ ಕಾಣ್ತದೆ. ಕೊರಳ ಹತ್ರದ್ದು ಇನ್ನೂ ಆಗುದಿಲ್ಲ, ಅದಕ್ಕೆ ಈ ಸಲ ಯೂನಿಫಾರ್ಮ್ ಹೊಲಿಸುವಾಗ ಕಟಪಾಡಿ ಪೇಟೆಯ ಟೈಲರಣ್ಣನ ಹತ್ರ ಹೇಳಿ ಮೇಲಿನ ಒಂದಕ್ಕೆ ಮಾತ್ರ ಗುಬ್ಬಿ ಬದ್ಲು ಪ್ರೆಸ್ ಬಟನ್ ಹಾಕಿಸಿದ್ದೇವೆ, ಹೊರಗಿಂದ ನೋಡ್ಲಿಕ್ಕೆ ಗುಬ್ಬಿಯೇ.